ಒಣ ನೆಲದ ಟೈರು

ಫೋನು ಬಂದಾಗ ಚನ್ನವೀರಪ್ಪನವರು ಇಷ್ಟಲಿಂಗ ಪೂಜೆ ಮುಗಿಸಿ ಬಸವೇಶ್ವರನಗರದ ಮನೆಯ ವರಾಂಡದಲ್ಲಿ ಕುಳಿತಿದ್ದರು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಅಂದು ಭಾನುವಾರ. ಮಗ ಗಿರಿರಾಜ್ ಎಂದಿನಂತೆ ಬೆಳಕು ಹರಿಯುವ ಮೊದಲೇ ಸೈಕಲ್ ಏರಿ ಕೆಂಗೇರಿಯಾಚೆಯ ಗುಡ್ಡಕ್ಕೆ ಹೋಗಿದ್ದ. ಪರದೆಯ ಮೇಲೆ ಮೂಡಿದ್ದು ಅವನದೇ ಹೆಸರು. ದನಿ ಮಾತ್ರ ಅವನದಲ್ಲ.

"ಸಾರ್, ನಾನು ಜಗನ್ನಾಥ. ಗಿರಿ ಜತೆ ಸೈಕಲ್ ಹೊಡೆಯೋನು. ಮನೇಲಿ ಇನ್ಯಾರಿದಾರೆ ಸಾರ್? ಯಾರ ಕೈಗಾದ್ರೂ ಫೋನ್ ಕೊಡ್ತೀರಾ?"

ಎಪ್ಪತ್ತು ದಾಟಿದ ಜೀವ. ಇಂಥ ಸುದ್ದಿಯನ್ನು ತಾವೇ ಎಷ್ಟೋ ಮನೆಗಳಿಗೆ ಮುಟ್ಟಿಸಿದವರು. ಮುದುಕರಿಗೆ ಹೇಳಲು ಬಾಯಿ ಬಾರದವರು ಮೊದಲು ಕೇಳುವುದೇ ಈ ಮಾತು ಎಂದು ಅವರಿಗೆ ಗೊತ್ತಿತ್ತು.

"ನನಗೇ ಹೇಳಪ್ಪ. ಇದಾನಾ?"

ಆ ಕಡೆಯಿಂದ ಅಳು ಕೇಳಿಸಿತು, ಅಷ್ಟೇ.

ಇಳಿಜಾರಿನಲ್ಲಿ ಸೈಕಲ್ ಜಾರಿತ್ತು. ತಲೆಗೆ ಹೆಲ್ಮೆಟ್ ಇತ್ತು. ಬಂಡೆಯ ಅಂಚು ತಾಗಿದ್ದು ಎದೆಗೆ. ಮರುದಿನ ಗಿರಿರಾಜನನ್ನು ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡಿದರು. ತಂದೆಗೆ ಮಣ್ಣು ಕೊಡಬೇಕಾದ ಮಗನಿಗೆ ತಂದೆಯೇ ಮಣ್ಣು ಕೊಟ್ಟರು. ಸಂಜೆ ಪಕ್ಕದ ಮನೆಯಾಕೆ ಹೊಸಿಲಾಚೆಯೇ ನಿಂತು, "ಸೂತಕದ ಮನೆ, ಒಳಗೆ ಬರಲ್ಲ" ಎಂದಾಗ ಚನ್ನವೀರಪ್ಪನವರು ಆ ದುಃಖದಲ್ಲೂ ಸಿಡಿದೆದ್ದಿದ್ದರು. ಲಿಂಗ ಕಟ್ಟಿದವರಿಗೆ ಸಾವಿನ ಸೂತಕವೆಂಬುದಿಲ್ಲ, ಶಿವನಲ್ಲಿ ಸೇರಿದವನಿಂದ ಯಾವ ಮೈಲಿಗೆಯಮ್ಮ ಎಂದು ಗಟ್ಟಿಯಾಗಿ ಹೇಳಿದ್ದರು. ಬಂದ ನೆಂಟರೆಲ್ಲ ಯಜಮಾನರ ನಿಷ್ಠೆಯನ್ನು ಕೊಂಡಾಡಿದರು.

ಶಿವಗಣಾರಾಧನೆ ಮುಗಿದು ನೆಂಟರು ಹೋದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಕಾರ್ ಶೆಡ್ಡಿನಲ್ಲಿದ್ದ ಎರಡು ಸೈಕಲ್‌ಗಳಿಗೆ ಸರಪಳಿ ಬಿಗಿದು ಬೀಗ ಹಾಕಿದ್ದು. ಒಂದು ಗಿರಿರಾಜನದು, ಹ್ಯಾಂಡಲ್ ಸೊಟ್ಟಗಾಗಿತ್ತು. ಇನ್ನೊಂದು ಅವನ ಮಗಳು ನಿಖಿತಾಳದು. ಪದವಿಯ ಕೊನೆಯ ವರ್ಷದಲ್ಲಿದ್ದ ಅವಳು ಪರೀಕ್ಷೆಯಿದ್ದುದರಿಂದ ಆ ಭಾನುವಾರ ಅಪ್ಪನ ಜತೆ ಹೋಗಿರಲಿಲ್ಲ. ಬೀಗದ ಕೈ ಮುದುಕರ ಸೊಂಟಕ್ಕೆ ಸೇರಿತು.

ಬೇಸಿಗೆ ಏರಿತು. ಒಂದು ಸಂಜೆ ನಿಖಿತಾ ಎದುರು ಬಂದು ನಿಂತಳು.

"ತಾತ, ಬೀಗದ ಕೈ ಕೊಡಿ. ಭಾನುವಾರ ಗುಡ್ಡಕ್ಕೆ ಹೋಗ್ತೀನಿ."

"ಈಗ ಬೇಡಮ್ಮ. ವರ್ಷ ತುಂಬಲಿ. ಸೂತಕದ ಮನೆ..."

ಮಾತು ಬಾಯಿಂದ ಜಾರಿಹೋಗಿತ್ತು. ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಸೊಸೆ ನೀಲಮ್ಮ ತಲೆಯೆತ್ತಿ ನೋಡಿದಳು.

"ಯಾವ ಸೂತಕ ತಾತ? ಪಕ್ಕದ್ಮನೆ ಆಂಟಿ ಅದನ್ನೇ ಅಂದಿದ್ದಕ್ಕೆ ಅವರ ನೀರಿಳಿಸಿದ್ರಿ. ನನಗೊಂದು ಶಾಸ್ತ್ರ, ಅವರಿಗೊಂದಾ?"

ಚನ್ನವೀರಪ್ಪನವರ ಮುಖ ಬಾಡಿತು. ಮೊಮ್ಮಗಳು ಹಿಡಿದದ್ದು ಸರಿಯಾದ ಜಾಗವನ್ನೇ. ಹೆದರಿಕೆಗೆ ವಿಭೂತಿ ಬಳಿದು ಅದನ್ನು ಶಾಸ್ತ್ರವೆಂದು ಕರೆದಿದ್ದರು ಅವರು.

"ಮಾವ," ಎಂದಳು ನೀಲಮ್ಮ, ಸೊಪ್ಪಿನಿಂದ ಕೈ ತೆಗೆಯದೆ, "ನಂಗೂ ಜೀವ ಹೊಡ್ಕೊಳತ್ತೆ. ನಾನು ಬೇಡ ಅಂದ್ರೆ ಕೇಳೋಳಲ್ಲ. ನಿಮ್ಮ ಮಾತು ಮೀರಲ್ಲ. ನೀವು ಹೇಗಂತೀರೋ ಹಾಗೆ."

"ಅದೇ ಗುಡ್ಡ ಯಾಕೆ ಮಗಳೇ?"

"ಅಪ್ಪ ಅಂದ್ರೆ ಈಗ ನಂಗೆ ಆ ಬಿದ್ದ ಜಾಗ ಒಂದೇ ಕಣ್ಣಿಗೆ ಬರೋದು ತಾತ. ಮುಂಚಿನ ಅಪ್ಪ ಬರೋದೇ ಇಲ್ಲ. ಹತ್ತೋವಾಗ ಹಾಡ್ಕೊಂಡು ಹೋಗ್ತಿದ್ರಲ್ಲ, ಆ ಅಪ್ಪ."

ಅವರು ಸೊಂಟದ ಬೀಗದ ಕೈ ಬಿಚ್ಚಿಕೊಂಡರು. ಎದ್ದು ಶೆಡ್ಡಿಗೆ ನಡೆದರು. "ಯಾಕೆ ಜಾರಿತು, ಅದನ್ನ ಹೇಳು ಮೊದಲು."

ನಿಖಿತಾ ಟೈರಿನ ಮೇಲೆ ಕೈಯಾಡಿಸಿ ತೋರಿಸಿದಳು. ಎರಡೂ ಸೈಕಲ್‌ಗಳಿಗೆ ಇದ್ದವು ಮಳೆಗಾಲದ ಟೈರುಗಳು. ಹಲ್ಲುಗಳು ಎತ್ತರ, ಒಂದರಿಂದೊಂದು ದೂರ. ಕೆಸರಿಗೆ ಇಳಿದು ಹಿಡಿಯಲು ಅವು ಬೇಕು. ಬೇಸಿಗೆಯ ಗುಡ್ಡವೆಂದರೆ ಕೆಳಗೆ ಕಲ್ಲಿನಂಥ ನೆಲ, ಮೇಲೆ ಧೂಳು, ನೊರಜುಗಲ್ಲು. ಕಣದ ಮೇಲೆ ರಾಗಿ ಚೆಲ್ಲಿದ ಹಾಗೆ. ಅಲ್ಲಿ ಉದ್ದ ಹಲ್ಲು ಇಳಿಯಲಾರದೆ ಮಗುಚುತ್ತದೆ.

"ಈ ವಾರ ಬದಲಾಯಿಸೋಣ, ಈ ವಾರ ಅಂತಾನೇ ಇದ್ರು ಅಪ್ಪ."

ಮರುದಿನ ಇಬ್ಬರೂ ವಿಜಯನಗರದ ಸೈಕಲ್ ಅಂಗಡಿಗೆ ಹೋದರು. ಅಂಗಡಿಯ ಮಧ್ವೇಶ್ ಮೇಲಿನ ಗೂಟದಲ್ಲಿ ತೂಗುಹಾಕಿದ್ದ ಟೈರುಗಳನ್ನು ಇಳಿಸಿ ಹರಡಿದ. ಚನ್ನವೀರಪ್ಪನವರು ಅತ್ಯಂತ ದೊಡ್ಡ ಹಲ್ಲಿನದನ್ನೇ ಎತ್ತಿಕೊಂಡರು. ಕಲಿತ ಪಾಠ ಕೈಗೆ ಇನ್ನೂ ಇಳಿದಿರಲಿಲ್ಲ.

"ತಾತ, ಗುಡ್ಡ ಉಳೋಕೆ ಹೋಗ್ತಿಲ್ಲ ನಾನು. ಟ್ರ್ಯಾಕ್ಟರ್ ಟೈರ್ ಕೆಳಗಿಡಿ."

ಮಧ್ವೇಶ್ ನಕ್ಕ. "ಬಿಡಿ ಸಾರ್, ಎಲ್ಲಾರೂ ಮೊದಲು ಅದನ್ನೇ ಎತ್ತೋದು. ಇಂಪೋರ್ಟೆಡ್ ತೋರಿಸ್ಲಾ?"

"ಬೇಡ ಅಣ್ಣ. ಅದರ ರೇಟಿಗೆ ಇನ್ನೊಂದು ಸೈಕಲ್ ಬರುತ್ತೆ."

"ದುಡ್ಡಿನ ಯೋಚನೆ ನಿನಗ್ಯಾಕೆ?" ಎಂದರು ಮುದುಕರು. "ಹಿಂದಕ್ಕೂ ಮುಂದಕ್ಕೂ ಒಳ್ಳೇದೇ ಕೊಡಪ್ಪ."

"ಬೇಕಿಲ್ಲ ತಾತ." ಅವಳು ಗಿಡ್ಡ ಹಲ್ಲುಗಳು ಒತ್ತೊತ್ತಾಗಿದ್ದ ಒಂದು ಅಗ್ಗದ ಟೈರನ್ನು ಬದಿಗಿಟ್ಟಳು. "ಹಿಂದಕ್ಕೆ ಇದು ಸಾಕು. ಸಲೀಸಾಗಿ ಉರುಳುತ್ತೆ." ಇನ್ನೊಂದನ್ನು ಎತ್ತಿ ಬೆರಳಿನಿಂದ ಒತ್ತಿದಳು. ನಡುವೆ ಗಿಡ್ಡ ಹಲ್ಲು, ಅಂಚಿನಲ್ಲಿ ಮಾತ್ರ ಗಟ್ಟಿಮುಟ್ಟಾದ ಸಾಲು, ರಬ್ಬರು ಮೆದು. "ಕಾಸು ಹಾಕೋದಾದ್ರೆ ಮುಂದಿನದಕ್ಕೆ ಹಾಕು ಅಂತಿದ್ರು ಅಪ್ಪ. ಹಿಂದಿನ ಚಕ್ರ ಜಾರಿದ್ರೆ ಹೇಗೋ ಸಾವರಿಸ್ಕೋಬಹುದು. ಮುಂದಿನದು ಜಾರಿದ್ರೆ..."



"ಅವನದು ಮುಂದಿನದು ಜಾರಿತ್ತಾ?" ಎಂದು ಕೇಳಿದರು ಚನ್ನವೀರಪ್ಪನವರು.

"ಹೂಂ. ಜಗನ್ನಾಥ ಅಂಕಲ್ ಹಿಂದೇನೇ ಇದ್ರು, ನೋಡಿದ್ರು."

ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತಿದ್ದಳು ಹುಡುಗಿ. ಮಧ್ವೇಶ್ ನಗು ನಿಲ್ಲಿಸಿ ಎರಡೂ ಟೈರುಗಳನ್ನು ಕಟ್ಟಿಕೊಟ್ಟ.

ಶನಿವಾರ ಅವರೇ ಕೂತು ಟೈರು ಕೂರಿಸಲು ಕೈಯಾಸರೆಯಾದರು. ಹಿಂದೆ ರಾಜಾಜಿನಗರದ ಕಾರ್ಖಾನೆಗೆ ದಿನವೂ ಸೈಕಲ್ ತುಳಿದವರ ಕೈ ಅದು. ಪಂಪು ಹಿಡಿದವರು ಬಿಡಲೇ ಇಲ್ಲ. ಗಾಳಿ ತುಂಬಿ ತುಂಬಿ ಟೈರನ್ನು ಕಲ್ಲಿನಂತೆ ಮಾಡಿದರು. ನಿಖಿತಾ ಬಂದು ವಾಲ್ವ್ ಒತ್ತಿ ಗಾಳಿ ಬಿಟ್ಟಳು.

"ಅಯ್ಯೋ, ಬಿಡ್ತೀಯಲ್ಲೇ!"

"ಇಷ್ಟು ಬಿಗಿ ಇದ್ರೆ ನೊರಜಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತೆ ತಾತ. ಸ್ವಲ್ಪ ತಗ್ಗಿದ್ರೇನೇ ನೆಲಕ್ಕೆ ಕೂರೋದು. ಒತ್ತಿ ನೋಡಿ."

ಅವರು ಹೆಬ್ಬೆರಳಿನಿಂದ ಒತ್ತಿದರು. ರಬ್ಬರು ಒಂದಿಷ್ಟು ಬಾಗಿ ಮತ್ತೆ ಎದ್ದಿತು. ಬಿಗಿಯಾಗಿದ್ದರೆ ಭದ್ರ ಎಂದೇ ಅವರು ಇಷ್ಟು ಕಾಲ ನಂಬಿದ್ದರು.

ಭಾನುವಾರ ನಸುಕಿನಲ್ಲಿ ನೀಲಮ್ಮ ಮಗಳ ಹಣೆಗೆ ವಿಭೂತಿ ಹಚ್ಚಿ ಒಳಗೆ ಹೋದಳು. ಜಗನ್ನಾಥ ಗೇಟಿನಾಚೆ ಸೈಕಲ್ ಹಿಡಿದು ಕಾಯುತ್ತಿದ್ದ.

"ಇಳಿಜಾರಲ್ಲಿ ನಿಧಾನ ಕಣಮ್ಮ."

"ಅಲ್ಲಿ ಇಳಿದು ತಳ್ಕೊಂಡೇ ಬರ್ತೀನಿ ತಾತ. ಮಾತು ಕೊಡ್ತೀನಿ."

"ತಳ್ಳಬೇಡ," ಎಂದರು ಅವರು. ಆ ಮಾತು ತಮ್ಮ ಬಾಯಿಂದ ಹೇಗೆ ಬಂತೆಂದು ಅವರಿಗೇ ತಿಳಿಯಲಿಲ್ಲ. "ಕೂತೇ ಇಳಿ. ಹುಷಾರಾಗಿ ಇಳಿ."

ಅವಳು ತಾತನ ಪಾದ ಮುಟ್ಟಿ ಪೆಡಲ್ ತುಳಿದಳು. ಬೀದಿ ತಿರುವಿನಲ್ಲಿ ಮರೆಯಾಗುವವರೆಗೂ ಅವರು ಗೇಟು ಹಿಡಿದು ನಿಂತಿದ್ದರು.

ಒಳಗೆ ಬಂದು ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಗೆ ತಂದುಕೊಂಡರು. ಮೊಮ್ಮಗಳನ್ನು ಕಾಪಾಡು ಎಂದು ಬೇಡಲೆಂದೇ ಕೂತವರು. ಅದನ್ನು ಬೇಡಿಯೂ ಬೇಡಿದರು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಎದ್ದು ಬಂತು. ಇಷ್ಟು ದಿನ ಪೂಜೆ ತಪ್ಪಿಸದಿದ್ದರೂ ಮಗನ ಶಾಂತಿಗೆಂದು ಒಂದು ಸಲವೂ ಬೇಡಿರಲಿಲ್ಲ. ಬೇಡಿದರೆ ಅವನು ಹೋದದ್ದನ್ನು ಒಪ್ಪಿದಂತೆ ಎಂದು ಮನಸ್ಸು ಹಿಂಜರಿಯುತ್ತಿತ್ತು. ಈಗ ಕಣ್ಣೀರು ಅಂಗೈಗೆ ಬಿದ್ದರೂ ಒರೆಸಿಕೊಳ್ಳಲಿಲ್ಲ.

"ಶಿವನೇ, ನೀನು ಕೊಟ್ಟವನು ನಿನ್ನಲ್ಲಿಗೇ ಬಂದಿದ್ದಾನೆ. ಅವನ ಮೈಯ ನೋವು ಇಳಿಯಲಿ. ನಮ್ಮ ಚಿಂತೆ ಅವನನ್ನು ಹಿಂದಕ್ಕೆ ಎಳೆಯದಿರಲಿ. ನನ್ನ ಮಗ ಗಿರಿರಾಜ ನಿನ್ನೊಳಗೆ ಶಾಂತಿಯಿಂದಿರಲಿ, ತಂದೆ."