ದೊಡ್ಡಪತ್ರೆಗೆ ಹುಯ್ದ ನೀರು

ಗ್ಯಾರೇಜಿನಿಂದ ಬಂದ ಪ್ರಭುಸ್ವಾಮಿ ಚಪ್ಪಲಿ ಬಿಡುವ ಮೊದಲೇ ಅಡುಗೆಮನೆ ಕಿಟಕಿ ನೋಡಿದ. ದೊಡ್ಡಪತ್ರೆ ಬೆಳಿಗ್ಗೆಗಿಂತ ಇನ್ನೂ ಜೋತುಬಿದ್ದಿತ್ತು. ನಾಲ್ಕೆಲೆ ಹಳದಿಯಾಗಿ ಕೆಳಗೆ ಉದುರಿದ್ದವು. ಅವನ ತಲೆ ಕಾದುಹೋಯಿತು.

"ಅಪ್ಪಾ, ಇರೋ ಒಂದ್ ಗಿಡಕ್ಕೆ ನೀರಾಕಾಕೂ ಆಗಲ್ವಾ ನಿಂಗೆ? ದಿನವೆಲ್ಲ ಮನೇಲೇ ಕೂತಿರ್ತೀಯಲ್ಲ!"

ಗೋಡೆಗೆ ಒರಗಿದ್ದ ಚಿಕ್ಕಮಾದಪ್ಪ ತಲೆ ಎತ್ತಲಿಲ್ಲ. "ಆಕಿವ್ನಿ ಕಣ್ಲಾ."

"ಆಕಿದ್ರೆ ಹಿಂಗಿರ್ತಿತ್ತಾ?" ಅಂದವನೇ ಒಂದು ಚೊಂಬು ನೀರು ತಂದು ಬುಡಕ್ಕೆ ಸುರಿದ.

ಅವ್ವ ಚನ್ನಾಜಮ್ಮ ಸತ್ತು ತಿಂಗಳಾಗಿತ್ತು. ಎಂಟು ವರ್ಷದ ಹಿಂದೆ ಕೊಳ್ಳೇಗಾಲದ ಈ ಮಹಡಿ ಮನೆಗೆ ಬಾಡಿಗೆಗೆ ಬಂದಾಗ, ತವರು ಕಾಮಗೆರೆಯಿಂದ ಒಂದು ಕಡ್ಡಿ ಮುರಿದು ತಂದು ಪೇಂಟ್ ಡಬ್ಬದಲ್ಲಿ ನೆಟ್ಟಿದ್ದಳು. ಮಗ ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗ್ಯಾರೇಜು ಸೇರಿದ. ಅಲ್ಲಿನ ಹೊಗೆ ಕುಡಿದು ಕೆಮ್ಮುತ್ತ ಬಂದರೆ ಎರಡೆಲೆ ಕಿತ್ತು, ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ ಕುಡಿಸುತ್ತಿದ್ದಳು. ಆಸ್ಪತ್ರೆ ಮಂಚದಲ್ಲಿ ಅವನನ್ನು ಕೊನೆಗೆ ಕೇಳಿದ್ದೂ ಅದನ್ನೇ: "ಗಿಡ ನೋಡ್ಕತಿದ್ದೀಯಾ ಮಗಾ?"

"ನಿನ್ ಜೀವದ್ ಚಿಂತೆ ಮಾಡವ್ವಾ, ಗಿಡ ಹಾಳಾಗೋಗ್ಲಿ" ಅಂತ ರೇಗಿದ್ದ.

ಅವ್ವ ಹೋದಳು. ಈಗ ಗಿಡವೂ ಹೋದರೆ ಅದಕ್ಕೆ ತನ್ನ ಬಾಯೇ ತಗುಲಿದ ಹಾಗೆ. ಸಿಟ್ಟು ಅಪ್ಪನ ಮೇಲೆ ಹೋಗುತ್ತಿತ್ತು, ಸಂಕಟ ಒಳಗೇ ಉಳಿಯುತ್ತಿತ್ತು.

ಮಾರನೇ ದಿನ ಭಾನುವಾರ. ಮನೆಯಲ್ಲೇ ಕೂತು ಕಾವಲು ಕಾದ. ಅಪ್ಪ ಹಾಕುತ್ತಿದ್ದುದು ನಿಜವೇ. ಮೊದಲೆಲ್ಲ ದಿನಕ್ಕೊಂದು ಸಲ ಲಿಂಗಪೂಜೆ ಮುಗಿಸಿ ಏಳುತ್ತಿದ್ದವನು ಈಗ ಮೂರು ಹೊತ್ತೂ ಕೂರುತ್ತಿದ್ದ. ಲಿಂಗ ತೊಳೆದ ನೀರನ್ನು ಮೋರಿಗೆ ಚೆಲ್ಲುವಂತಿಲ್ಲ, ಯಾರೂ ತುಳಿಯಬಾರದು, ಗಿಡದ ಬುಡಕ್ಕೇ ಸೇರಬೇಕು. ಮನೆಯಲ್ಲಿದ್ದದ್ದು ಒಂದೇ ಗಿಡ. ಮಧ್ಯಾಹ್ನದ ಪೂಜೆ ನೀರು ಬೀಳುತ್ತಿದ್ದಂತೆ ಕೆಳಗಿನಿಂದ ಕೂಗು ಎದ್ದಿತು.

"ಲೇ ಪ್ರಭೂ! ಒಣಗಾಕಿದ್ ರಾಗಿ ಮ್ಯಾಲೆ ನೀರ್ ಸುರಿತಾ ಅದೆ ಕಣ್ಲಾ!"

ಮನೆ ಓನರು ಪುಟ್ಟಮಲ್ಲಮ್ಮ ಬೈಯುತ್ತಲೇ ಮೆಟ್ಟಿಲು ಹತ್ತಿ ಬಂದಳು. ಡಬ್ಬದ ಮಣ್ಣು ಒತ್ತಿ, ಬೆರಳು ಮೂಸಿ, ಮುಖ ಕಿವುಚಿದಳು.

"ನೀರಾಕಿದ್ದೀರೋ, ಗಿಡಾನೇ ಬಾವಿಗ್ ತಳ್ಳಿದ್ದೀರೋ? ಬೇರ್ ಕೊಳ್ತೋಗದೆ."

"ಪೂಜೆ ನೀರು ಕಣವ್ವ" ಅಂದ ಚಿಕ್ಕಮಾದಪ್ಪ. "ಅವ್ಳೂ ಇದುಕ್ಕೇ ಉಯ್ತಿದ್ಲು."

"ಯಾರಣ್ಣ ಏಳಿದ್ದು? ಇದುಕ್ಕೆ ಅವ್ಳು ಆಕ್ತಿದ್ದುದು ಮೂರ್ ದಿನುಕ್ ಒಂದ್ ಲೋಟ. ನಿನ್ ಪೂಜೆ ನೀರ್ನ ಚೊಂಬಲ್ಲಿ ಇಡ್ಕಂಡು, ಆ ಮಂಡಿನೋವಲ್ಲಿ ಮೆಟ್ಲಿಳ್ದು, ನನ್ ಇತ್ಲು ಕಣಗಲೆಗೆ ಉಯ್ದು, ಊವ ಬಿಡಿಸ್ಕಂಡು ಓಗೋಳು."

"ದಿನಾ?"

"ದಿನಾ ಕಣಣ್ಣ."

ಅಪ್ಪ ಪೂಜೆ ತಟ್ಟೆಯ ಕಡೆ ತಿರುಗಿದ. ಪೂಜೆಗೆ ಕೂತರೆ ತಟ್ಟೆಯಲ್ಲಿ ಹೂವಿರುತ್ತಿತ್ತು. ಎದ್ದರೆ ನೀರು ಖಾಲಿಯಾಗಿರುತ್ತಿತ್ತು. ಎಲ್ಲಿಂದ, ಎಲ್ಲಿಗೆ ಅಂತ ಯಾವತ್ತೂ ಕೇಳಿರಲಿಲ್ಲ.

ಪ್ರಭುಸ್ವಾಮಿ ಡಬ್ಬ ಬೋರಲು ಹಾಕಿದ. ಬೇರು ಕಪ್ಪಗೆ ಲೋಳೆಯಾಗಿ ನಾರುತ್ತಿತ್ತು. ಅಪ್ಪನನ್ನು ಬೈಯಲು ಬಾಯಿ ತೆರೆದ. ನಿನ್ನೆ ಸುರಿದ ಚೊಂಬು, ಮೊನ್ನೆ ಸುರಿದ ಚೊಂಬು ನೆನಪಾಗಿ ಬಾಯಿ ಮುಚ್ಚಿಕೊಂಡ.

"ತುದಿ ಗಟ್ಟಿಯಾಗದೆ" ಅಂದಳು ಪುಟ್ಟಮಲ್ಲಮ್ಮ. "ಚಿವುಟಿ ಒಣ ಮಣ್ಣಲ್ಲಿ ನೆಡು. ಒಂದ್ ವಾರ ನೀರ್ ತೋರಿಸ್ಬ್ಯಾಡ."

"ಬದುಕ್ತದಾ ಅತ್ತೆ?"

"ನಿಮ್ ಕೈಗೆ ಸಿಕ್ಕಿ ಇಷ್ಟ್ ದಿನ ಬದುಕಿಲ್ವಾ" ಅಂದವಳು, ಅವನ ಮುಖ ನೋಡಿ ತಾನೇ ಒಂದು ಕುಡಿ ಚಿವುಟಿ ಕೊಟ್ಟಳು.

ಮಾರನೇ ಬೆಳಿಗ್ಗೆ ಪೂಜೆ ಮುಗಿಸಿದ ಅಪ್ಪ ಚೊಂಬು ಹಿಡಿದು ಕಿಟಕಿಯ ತನಕ ಹೋಗಿ ನಿಂತ. ಆಮೇಲೆ ತಿರುಗಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಪ್ರಭುಸ್ವಾಮಿಯೂ ಹಿಂದೆಯೇ ಇಳಿದ.

ಹಿತ್ತಲಿನಲ್ಲಿ ಕಣಗಲೆ ಆಳುದ್ದ ಬೆಳೆದು ಮೈತುಂಬ ಹೂ ಬಿಟ್ಟಿತ್ತು. ಅಪ್ಪ ನೀರು ಹುಯ್ಯದೆ ಅದನ್ನೇ ನೋಡುತ್ತ ನಿಂತಿದ್ದ.

"ಇಷ್ಟೊಂದ್ ಮೆಟ್ಲು ಅವೆ ಅಂತ್ಲೇ ಗೊತ್ತಿರ್ನಿಲ್ಲ ಕಣ್ಲಾ ಮಗಾ."

ಪ್ರಭುಸ್ವಾಮಿ ಅಪ್ಪನ ಕೈ ಹಿಡಿದುಕೊಂಡು ನೀರು ಬಗ್ಗಿಸಿದ. "ಬಾ, ಮ್ಯಾಕ್ ಓಗವ" ಅಂದ.

ಮೇಲೆ ಕಿಟಕಿಯಲ್ಲಿ ನೆಟ್ಟ ಕುಡಿ ಇನ್ನೂ ತಲೆ ಬಗ್ಗಿಸಿಕೊಂಡೇ ಇತ್ತು. ಕೈ ತಾನಾಗಿಯೇ ನೀರಿನ ಚೊಂಬಿಗೆ ಹೋಯಿತು. ಪ್ರಭುಸ್ವಾಮಿ ಕೈಯನ್ನು ಹಿಂದಕ್ಕೆ ಎಳೆದು ಕಂಕುಳಲ್ಲಿ ಇಟ್ಟುಕೊಂಡು ಕೂತ.