ಮುಲ್ತಾನಿಯ ಹೊತ್ತು

ನನಗೆ ಚೆನ್ನಾಗಿ ಬರುವ ರಾಗ ಮುಲ್ತಾನಿ. ಅದು ಮಧ್ಯಾಹ್ನ ಇಳಿಯುವ ಹೊತ್ತಿನದು. ಅಣ್ಣ ಜ್ಞಾನೇಶ್ ಫೌಂಡ್ರಿಯ ಮೊದಲ ಪಾಳಿ ಮುಗಿಸಿ ಮನೆ ಸೇರುವುದು ಮೂರಕ್ಕೆ. ಊಟವಾದ ಮೇಲೆ ಅವನು ನವ್ಯಾ ಅತ್ತಿಗೆಯನ್ನು ಹೊಡೆಯುತ್ತಿದ್ದ. ಏಟಿನ ಸದ್ದು ಪಕ್ಕದ ಮನೆಗೆ ಹೋಗದಿರಲೆಂದು ಅಮ್ಮ ನನ್ನನ್ನು ಹಾಡಲು ಕೂರಿಸುತ್ತಿದ್ದಳು. ಎರಡು ವರ್ಷ ಹಾಗೆ ಕೂತು ಕೂತು ಆ ರಾಗ ನನ್ನ ಗಂಟಲಿಗೆ ಹತ್ತಿತು.

ಭದ್ರಾವತಿ ನ್ಯೂ ಟೌನಿನ ಹಳೇ ಕ್ವಾರ್ಟರ್ಸು ನಮ್ಮದು, ಎರಡು ಮನೆಗೆ ಒಂದೇ ಗೋಡೆ. ಆಚೆ ಫಿರೋಜಾ ಆಂಟಿ ಒಗ್ಗರಣೆ ಹಾಕಿದರೆ ಈಚೆ ನಮಗೆ ಸೀನು. ಅತ್ತಿಗೆ ಮೊದಲ ಸಲ ಕಿರುಚಿದಾಗ ನಾನು ಶ್ರುತಿಪೆಟ್ಟಿಗೆ ಹಾಕಿಕೊಂಡು ರಿಯಾಜಿಗೆ ಕೂತಿದ್ದೆ. ಹೆದರಿ ನಿಲ್ಲಿಸಿದೆ. ಅಮ್ಮ ಅಡುಗೆಮನೆಯಿಂದ ಬಂದು ಪೆಟ್ಟಿಗೆಯ ಸದ್ದು ಏರಿಸಿದಳು.

“ನಿಲ್ಲಿಸ್ಬೇಡ ಕಣೇ, ಹಾಡು. ಅಕ್ಕಪಕ್ಕದವ್ರು ಏನಂದ್ಕೊಂಡಾರು?”

ಹಾಡಿದೆ. ಆಮೇಲೆ ಅದೇ ಪದ್ಧತಿಯಾಯಿತು. ಅಣ್ಣ ಊಟದ ತಟ್ಟೆ ಸರಿಸಿದ ರೀತಿ ನೋಡಿಯೇ ಅಮ್ಮ ಪೆಟ್ಟಿಗೆಯನ್ನು ನನ್ನ ಮುಂದೆ ತಂದಿಡುತ್ತಿದ್ದಳು. ಅವನಿಗೂ ರೂಢಿಯಾಗಿತ್ತು. ನಾನು ಕೆಳಗಿನ ನಿಷಾದದಿಂದ ಹೊರಟು ಪಂಚಮ ಮುಟ್ಟುವವರೆಗೆ ಕಾಯುತ್ತಿದ್ದ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಮ್ಮೆ ಅತ್ತಿಗೆಯ ತೋಳಿಗೆ ಕಾದ ಸೌಟು ಒತ್ತಿದ. ಇನ್ನೊಮ್ಮೆ ಕಿರುಬೆರಳು ತಿರುಚಿದ. ಆ ದಿನ ನಾನು ಮೇಲಿನ ಷಡ್ಜವನ್ನು ಉಸಿರು ಕಟ್ಟುವಷ್ಟು ಹೊತ್ತು ಹಿಡಿದೆ. ಚೆನ್ನಾಗಿ ನಿಂತಿತು ಅಂತ ಒಳಗೊಳಗೇ ಖುಷಿಯೂ ಆಯಿತು.

“ನಿಮ್ಮನೇಲಿ ಏನಮ್ಮಾ, ದಿನಾ ಕಚೇರಿ!” ಎಂದು ಫಿರೋಜಾ ಆಂಟಿ ಬಟ್ಟೆ ಒಣಹಾಕುತ್ತ ಹೇಳುತ್ತಿದ್ದರು. “ನಮ್ಮೋರು ಟೀವಿ ಬಂದ್ ಮಾಡಿ ಕೂರ್ತಾರೆ, ಗೊತ್ತಾ?”

ಪಕ್ಕದ ತಂತಿಯ ಹತ್ತಿರ ಅತ್ತಿಗೆ ತೋಳಿನ ಬೊಬ್ಬೆಯ ಮೇಲೆ ಸೆರಗು ಎಳೆದುಕೊಂಡು ಸುಮ್ಮನೆ ನಿಂತಿರುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ.

ಶನಿವಾರ ಶಿವಮೊಗ್ಗಕ್ಕೆ, ಗೋಪಾಳದ ಜಯಶೀಲಾ ಮೇಡಂ ಮನೆಗೆ ಪಾಠಕ್ಕೆ ಹೋಗುತ್ತಿದ್ದೆ. ಅವರು ತಾವೇ ಕಟ್ಟಿದ ಒಂದು ಪದವನ್ನು ಮುಲ್ತಾನಿಯಲ್ಲಿ ಹೇಳಿಕೊಡುತ್ತಿದ್ದರು. ಎಲ್ಲರೂ ಹೋದ ಮನೆಯಲ್ಲಿ ಒಬ್ಬಳು ಹೆಂಗಸು ಕೂತು, ನಾನು ಯಾಕೆ ಹೀಗಾದೆ ಎಂದು ತನ್ನನ್ನೇ ಕೇಳಿಕೊಳ್ಳುವ ಪದ. ಒಂದು ಶನಿವಾರ ನಾನು ನಾಲ್ಕು ಸಾಲು ಹಾಡುವುದರೊಳಗೆ ಮೇಡಂ ತಂಬೂರಿಯ ತಂತಿಗೆ ಅಂಗೈ ಒತ್ತಿ ನಿಲ್ಲಿಸಿದರು.

“ಅವಳ ಜೊತೆ ಯಾರೂ ಇಲ್ಲ ಸ್ಫೂರ್ತಿ. ನೀನೇನು ಮಾರಾಯ್ತಿ, ಬಸ್‌ಸ್ಟ್ಯಾಂಡಲ್ಲಿ ಶಿಕಾರಿಪುರ ಶಿಕಾರಿಪುರ ಅಂತ ಕೂಗೋ ಕಂಡಕ್ಟರ್ ಥರ!”

ಉಳಿದ ಹುಡುಗಿಯರು ನಕ್ಕರು. ನನ್ನ ಕಿವಿ ಬಿಸಿಯಾಯಿತು.

“ಮೆತ್ತಗೆ ಹಾಡು. ಗೋಡೆಗಲ್ಲ, ನಿಂಗೆ ಕೇಳ್ಸಿದ್ರೆ ಸಾಕು.”

ಪ್ರಯತ್ನಿಸಿದೆ. ದನಿ ತಗ್ಗಿದ ಕೂಡಲೆ ಕೆನ್ನೆಗೆ ಬೀಳುವ ಏಟಿನ ಸದ್ದು, ಆ ಶಾಂತ ಕೋಣೆಯಲ್ಲಿ ಇಲ್ಲದ ಸದ್ದು, ನನ್ನ ಕಿವಿಯೊಳಗೇ ಎದ್ದಿತು.

“ಮೆತ್ತಗೆ ಹಾಡಿದ್ರೆ ಕೇಳ್ಸತ್ತೆ ಮೇಡಂ,” ಎಂದುಬಿಟ್ಟೆ.

“ಏನು ಕೇಳ್ಸತ್ತೆ?”

“ಏನಿಲ್ಲ.”

ಅವರು ಮತ್ತೆ ತಂಬೂರಿ ಮೀಟಿದರು. “ಕೇಳ್ಸ್ಲಿ ಬಿಡು. ಕೇಳೋಕೇ ಅಲ್ವಾ ಹಾಡೋದು?”

ಮರುವಾರ, ಬುಧವಾರ, ಅಣ್ಣ ಊಟಕ್ಕೂ ಕೂರಲಿಲ್ಲ. ಅತ್ತಿಗೆ ಗಾಜನೂರಿನಲ್ಲಿರುವ ತನ್ನಪ್ಪ ಶಿವಶಂಕರಪ್ಪನವರಿಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗು ಎಂದಿದ್ದಳು. ಅವರು ಆ ಮಾತನ್ನು ನೇರ ಅಳಿಯನಿಗೇ ಹೇಳಿ, ಸ್ವಲ್ಪ ಹೊಂದ್ಕೊಂಡು ಹೋಗಿ ಎಂದಿದ್ದರು.

“ಅಪ್ಪಂಗೆ ಫೋನ್ ಮಾಡ್ತೀಯಾ? ಮಾಡು, ಈಗ ಮಾಡು!” ಅಣ್ಣ ಲಟ್ಟಣಿಗೆ ಎತ್ತಿಕೊಂಡು, ಅತ್ತಿಗೆಯ ಜಡೆ ಹಿಡಿದು ಕೋಣೆಗೆ ಎಳೆದ.

ಅಮ್ಮ ಪೆಟ್ಟಿಗೆ ಹಾಕಿದಳು. ನಾನು ಕೆಳಗಿನ ನಿಷಾದದಲ್ಲಿ ಶುರು ಮಾಡಿದೆ. ಆ ದಿನ ಮೇಲೆ ಹೋಗಲಿಲ್ಲ. ಧೈರ್ಯದಿಂದಲ್ಲ, ಗಂಟಲು ಏಳಲೇ ಇಲ್ಲ. ಅಮ್ಮ ಎದುರು ನಿಂತು ಅಂಗೈ ಎತ್ತೆತ್ತಿ ತೋರಿಸುತ್ತಿದ್ದಳು: ಮೇಲೆ, ಇನ್ನೂ ಮೇಲೆ. ನನ್ನ ಸಣ್ಣ ದನಿಯ ಹಿಂದೆ ಲಟ್ಟಣಿಗೆ ಮೂಳೆಗೆ ಬಡಿಯುವುದು ಒಂದೊಂದಾಗಿ ಕೇಳಿತು. ಅದರ ನಡುವೆ ಅತ್ತಿಗೆಯ ಮಾತೂ ಕೇಳಿತು. ಎರಡು ವರ್ಷದಲ್ಲಿ ಅವಳು ಒಳಗೆ ಏನು ಹೇಳುತ್ತಾಳೆಂದು ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಅವಳು ನನ್ನ ಹೆಸರು ಕರೆಯುತ್ತಿದ್ದಳು. “ಸ್ಫೂರ್ತೀ... ಸ್ಫೂರ್ತೀ...”

ಇದೇ ಮೊದಲೋ, ದಿನವೂ ಕರೆದಿದ್ದಳೋ?

ನಾನು ಹಾಡು ನಿಲ್ಲಿಸಿ ಶ್ರುತಿಪೆಟ್ಟಿಗೆಯ ವೈರು ಕಿತ್ತೆ. ಮುಂದಿನ ಏಟು ಬೆತ್ತಲೆಯಾಗಿ ಮನೆ ತುಂಬ ಕೇಳಿಸಿತು. ಬಾಗಿಲು ತೆರೆಯಿತು. ಅಣ್ಣನ ಅಂಗಿಯ ಮೇಲೆ ರಕ್ತದ ಚುಕ್ಕೆಗಳಿದ್ದವು.

“ಯಾಕೆ ನಿಲ್ಲಿಸ್ದೆ? ಹಾಡೇ!”

“ಹಾಡೇ, ನಿನ್ ಕಾಲಿಗೆ ಬೀಳ್ತೀನಿ,” ಎಂದಳು ಅಮ್ಮ.

ನಾನು ಬಾಯಿ ಬಿಡಲಿಲ್ಲ. ಅವನು ಪೆಟ್ಟಿಗೆಯನ್ನು ಒದ್ದ. ನನ್ನ ಕುತ್ತಿಗೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಒಮ್ಮೆ, ಇನ್ನೊಮ್ಮೆ. ಬಾಯಿಯಲ್ಲಿ ಉಪ್ಪುಪ್ಪು ರುಚಿ. ಕೂಗಲು ಉಸಿರಿರಲಿಲ್ಲ, ಎರಡೂ ಮುಷ್ಟಿಯಿಂದ ಅದೇ ಗೋಡೆಯನ್ನು ಗುದ್ದಿದೆ.

“ಏನಾಯ್ತೇ ಸ್ಫೂರ್ತಿ?” ಆಚೆಯಿಂದ ಫಿರೋಜಾ ಆಂಟಿಯ ದನಿ. ಹಿಂದೆಯೇ ಯಾರೋ ನಮ್ಮ ಬಾಗಿಲು ಬಡಿದರು.

“ಜ್ಞಾನೇಶಣ್ಣ, ಬಾಗ್ಲು ತೆಗೀತೀರಾ, ಮುರೀಲಾ?” ಅದು ಅವರ ಗಂಡ, ಲಾರಿ ಮೆಕ್ಯಾನಿಕ್ ಪೀರ್ ಬಾಷಾ.

ಅಮ್ಮ ಬಾಗಿಲನ್ನು ಒಂದು ಗೇಣು ತೆರೆದಳು. “ಏನಿಲ್ಲಪ್ಪ, ಪಾತ್ರೆ ಬಿತ್ತು.”

ಅಷ್ಟರಲ್ಲಿ ಅತ್ತಿಗೆ ಕೋಣೆಯಿಂದ ಒಂದೇ ಕೈ ಊರಿಕೊಂಡು ತೆವಳುತ್ತ ಹೊರಬಂದಳು. ಇನ್ನೊಂದು ಕೈ ಮೊಣಕೈಯ ಕೆಳಗೆ ತಪ್ಪು ದಿಕ್ಕಿಗೆ ತಿರುಗಿತ್ತು. “ಯಾ ಅಲ್ಲಾ!” ಎಂದು ಆಂಟಿ ಅಮ್ಮನನ್ನು ತಳ್ಳಿಕೊಂಡೇ ಒಳನುಗ್ಗಿದರು. ಬಾಷಾ ಅಂಕಲ್ ಅಣ್ಣನನ್ನು ಕಂಕುಳಲ್ಲಿ ಹಿಡಿದು ನನ್ನಿಂದ ಬಿಡಿಸಿ ನೆಲಕ್ಕೆ ಒತ್ತಿದರು.

ಆಂಟಿ ತಮ್ಮ ದುಪಟ್ಟಾದಿಂದ ಅತ್ತಿಗೆಯ ಕೈ ಕಟ್ಟಿ ಆಟೋ ಹತ್ತಿಸಿದರು. ನಾನು ಚಪ್ಪಲಿಯನ್ನೂ ಹಾಕದೆ ಹಿಂದೆ ಓಡಿದೆ.

“ಅತ್ತಿಗೆ, ನಾನೂ ಬರ್ತೀನಿ.”

ಅವಳು ಮೊದಲ ಸಲ ನನ್ನನ್ನು ನೇರ ನೋಡಿದಳು. ತುಟಿ ಸೀಳಿತ್ತು.

“ಮೊದಲ್ನೇ ದಿನಾನೇ ನಿಲ್ಲಿಸ್ಬಹುದಿತ್ತು ನೀನು.”

ನಾನು ಆಟೋದ ಕಂಬಿ ಹಿಡಿದುಕೊಂಡೆ.

“ಹತ್ತು,” ಎಂದಳು ಆಮೇಲೆ. “ಆದ್ರೆ ಅಲ್ಲಿ ಎಲ್ಲಾ ಹೇಳ್ಬೇಕು. ಅವ್ರು ಹೊಡ್ದಿದ್ದೂ, ಅತ್ತೆ ಹಾಡ್ಸಿದ್ದೂ, ನೀನು ಹಾಡಿದ್ದೂ. ಹೇಳ್ತೀಯಾ?”

“ಸ್ಫೂರ್ತಿ, ಆ ಆಟೋ ಹತ್ತಿದ್ರೆ ಈ ಮನೆಗೆ ಬರ್ಬೇಡ!” ಬಾಗಿಲಲ್ಲಿ ನಿಂತು ಅಮ್ಮ ಕೂಗಿದಳು. ಬೀದಿಯವರೆಲ್ಲ ಹೊರಗೆ ಬಂದಿದ್ದರು.

“ಹೇಳ್ತೀನಿ,” ಎಂದೆ. ಆಂಟಿ ಸರಿದು ಜಾಗ ಕೊಟ್ಟರು, ಹತ್ತಿ ಕೂತೆ.

“ಎಲ್ಲಿಗಕ್ಕಾ, ಆಸ್ಪತ್ರೆಗಾ?” ಆಟೋದವನು ಕೇಳಿದ.

ಅತ್ತಿಗೆ ಮುರಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. “ಮೊದಲು ಪೊಲೀಸ್ ಸ್ಟೇಷನ್ನಿಗೆ,” ಎಂದಳು.