ಹನಿ ಬೀಳದ ಪೈಪು

ನಮ್ಮ ಕಾಂಪೌಂಡ್ ಗೋಡೆಯ ಮೇಲೆ ತಟ್ಟೆಯಗಲ ಮಸಿ ಹಿಡಿದಿತ್ತು. ಮೂವತ್ತೊಂದು ವರ್ಷದ ನಮ್ಮ ಕಾರು ದಿನಾ ಬೆಳಿಗ್ಗೆ ಹೊಗೆ ಉಗುಳುತ್ತಿದ್ದದ್ದು ಅಲ್ಲಿಗೇ. ಕಾರು ನನ್ನ ಮಾವನದು, ಅವರ ನಂತರ ಹೆಂಡತಿಗೆ ಬಂತು. ಅವಳು ನರ್ಸು. ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುತ್ತಾಳೆ. ಕಾರಿಲ್ಲದಿದ್ದರೆ ಅವರಲ್ಲಿ ಅರ್ಧ ಜನರನ್ನು ಕೈಬಿಡಬೇಕು.

ಅಂಥ ಕಾರು ಹೊಗೆ ತಪಾಸಣೆಯಲ್ಲಿ ಫೇಲಾಯಿತು. ಹತ್ತು ದಿನದೊಳಗೆ ಇನ್ನೊಂದೇ ಅವಕಾಶ. ಆಗಲೂ ಫೇಲಾದರೆ ನಂಬರು ರದ್ದು, ಕಾರು ಗುಜರಿಗೆ.

ಗ್ಯಾರೇಜು ಇಟ್ಟುಕೊಂಡಿರುವ ಹೆಂಡತಿಯ ಅಣ್ಣ ಬಂದು ಬಾನೆಟ್ ಎತ್ತಿದ. ಒಳಗೆ ಬೆರಳುಗಾತ್ರದ ಕಪ್ಪು ರಬ್ಬರ್ ಪೈಪುಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು.

“ಇದೇನು ಇಂಜಿನ್ನಾ, ಹಾವಿನ ಬುಟ್ಟೀನಾ?” ಎಂದ. “ಹೊಗೆಗೆ ಅಂತ ಇರೋದನ್ನೆಲ್ಲ ಕಿತ್ತು ಬಾಯಿ ಮುಚ್ಚಿಬಿಡೋಣ. ತಪಾಸಣೆ ದಿನ ಏನೋ ಒಂದು ತಿರುಗಿಸಿ ಪಾಸ್ ಮಾಡಿಸ್ತೀನಿ. ಆಮೇಲೆ ಯಾರು ನೋಡ್ತಾರೆ?”

“ನಾನು ನೋಡ್ತೀನಿ,” ಎಂದಳು ಅವಳು. “ಉಸಿರಾಡೋಕೆ ಒದ್ದಾಡೋರ ಕಿಟಕಿ ಕೆಳಗೆ ನಿಲ್ಲಿಸೋ ಗಾಡಿ ಅಣ್ಣ ಇದು. ಸರಿಯಾಗಿ ಪಾಸಾಗ್ಲಿ, ಇಲ್ಲ ಗುಜರಿಗೆ ಹೋಗ್ಲಿ.”

“ಹಾಗಾದ್ರೆ ಗುಜರೀನೇ ಬಿಡು. ಆ ಗೋಡೆಗಾದ್ರೂ ಸುಣ್ಣ ಬಳಿಸ್ಬಹುದು.”

ನನಗೆ ಮೈಯೆಲ್ಲ ಉರಿಯಿತು. ನಾನು ಕೊಳಾಯಿ ಕೆಲಸದವನು. ಇಪ್ಪತ್ತೆಂಟು ವರ್ಷ ಊರಿನವರ ಬಚ್ಚಲುಗಳಲ್ಲಿ ಮಂಡಿಯೂರಿದ್ದೇನೆ. “ಪೈಪ್ ತಾನೇ? ನಾನೇ ಮಾಡ್ತೀನಿ,” ಎಂದುಬಿಟ್ಟೆ. ಹೆಂಡತಿ ಹುಬ್ಬೇರಿಸಿದಳೇ ಹೊರತು ಬೇಡವೆನ್ನಲಿಲ್ಲ.

ಎಣಿಸಿದೆ, ಇಪ್ಪತ್ತೆರಡು ಪೈಪು. ಕಾರು ಕಂಡ ಮೆಕ್ಯಾನಿಕ್ಕುಗಳೆಲ್ಲ ತಮ್ಮದೊಂದು ಇರಲಿ ಎಂದು ಸೇರಿಸುತ್ತ ಹೋಗಿದ್ದರು. ಒಂದರ ತುದಿ ಗಾಳಿಯಲ್ಲಿ ನೇತಾಡುತ್ತಿತ್ತು, ಇನ್ನೊಂದಕ್ಕೆ ಸ್ಕ್ರೂ ಜಡಿದಿತ್ತು. ಹಳೆ ಬಚ್ಚಲು ಒಡೆಯುವಾಗ ನಮ್ಮಲ್ಲೊಂದು ಪದ್ಧತಿಯಿದೆ. ಜಾಯಿಂಟು ಸಡಿಲಿಸಿ ಕಾಯುವುದು. ಒಂದು ಹನಿಯೂ ಬೀಳದಿದ್ದರೆ ಆ ಪೈಪು ಸತ್ತಿದೆಯೆಂದು ಲೆಕ್ಕ, ಕತ್ತರಿಸಿ ಎಸೆಯಬಹುದು. ಇಲ್ಲೂ ಹಾಗೇ ಮಾಡಿದೆ. ಒಂಬತ್ತು ಪೈಪುಗಳಲ್ಲಿ ಹನಿಯಿರಲಿಲ್ಲ, ಒಂಬತ್ತನ್ನೂ ಕಿತ್ತೆ. ಹನಿಯೇ ಬೀಳದ ಬಾಯಿಗೆ ಮುಚ್ಚಳ ಯಾಕೆಂದು ಹಾಗೇ ಬಿಟ್ಟೆ. ಮೀಸೆ ತಿರುವುತ್ತ ಹೆಂಡತಿಯನ್ನು ಕರೆದೆ.

ಕೀ ತಿರುಗಿಸಿದರೆ ಇಂಜಿನ್ ಚಳಿಜ್ವರ ಬಂದಂತೆ ಗಡಗಡ ನಡುಗಿ ನಿಂತಿತು. ಮೂರು ಸಲವೂ ಅದೇ ಕಥೆ. ಗೇಟಿನ ಬಳಿ ನಿಂತಿದ್ದ ಅವಳಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಾವು ಓಡಿಸೋಕೆ ಹೋಗಿ ಬುಟ್ಟೀನೇ ಸುಟ್ರಲ್ರೀ!”

ಹೆಂಡತಿ ಬೈಯಲಿಲ್ಲ. ನಿಲ್ಲದ ಹಾಗೆ ಆಕ್ಸಿಲರೇಟರ್ ಒತ್ತಿ ಹಿಡಿಯಲು ನನಗೆ ಹೇಳಿ, ಬಾನೆಟ್ಟಿನೊಳಗೆ ಬಗ್ಗಿ, ನಾನು ಬಿಟ್ಟಿದ್ದ ಒಂದು ಬಾಯಿಯ ಮೇಲೆ ಹೆಬ್ಬೆರಳಿಟ್ಟಳು. ನಡುಕ ಇಳಿಯಿತು.

“ಇಳೀರಿ. ಈಗ ನೀವು ಇಟ್ಟು ನೋಡಿ.”

ಅವಳು ಸೀಟಿಗೆ ಹೋದಳು. ನಾನು ಹೆಬ್ಬೆರಳಿಟ್ಟೆ. ಮಗು ಬೆರಳು ಚೀಪಿದ ಹಾಗೆ ಅದು ಚರ್ಮವನ್ನು ಒಳಕ್ಕೆಳೆದುಕೊಂಡಿತು.

“ನೀವು ಹರಿಯೋದನ್ನಷ್ಟೇ ನೋಡ್ತೀರಿ,” ಎಂದಳು. “ನಮ್ಮ ಪೇಷೆಂಟುಗಳಿಗೆ ಒಳಗೆ ಬಿಡೋ ಟ್ಯೂಬೂ ಇರುತ್ತೆ, ಎಳೆಯೋ ಟ್ಯೂಬೂ ಇರುತ್ತೆ ಕಣ್ರೀ. ಎರಡೂ ತುದಿ ಮುಟ್ಟಿ ನೋಡ್ದೆ ನಾವು ಯಾವುದನ್ನೂ ಕೀಳಲ್ಲ.”

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹಟ ಬಂತು. ಇನ್ನು ಏಳು ದಿನವಿತ್ತು.

ಅವಳ ಬ್ಯಾಗಿನ ಬಿಳಿ ಟೇಪು ತಂದೆವು. ಒಂದೊಂದೇ ಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಿನಿಂದ ಸವರಿ, ಎರಡೂ ಕಡೆ ಒಂದೇ ನಂಬರು ಅಂಟಿಸಿದೆವು. ನಾನು ಕಿತ್ತ ಒಂಬತ್ತರಲ್ಲಿ ಐದಕ್ಕೆ ಜೀವವಿತ್ತು, ಅವು ವಾಪಸ್ ಹೋದವು. ನಿಜವಾಗಿ ಸತ್ತವು ಹೊರಬಿದ್ದವು, ಅವುಗಳ ಬಾಯಿಗೆ ಈ ಸಲ ಮುಚ್ಚಳ ಬಿತ್ತು. ಪಕ್ಕದ ಬಾಯಿಗೆ ಸೇರಲು ಇಂಜಿನ್ನಿಗೇ ಪ್ರದಕ್ಷಿಣೆ ಹಾಕುತ್ತಿದ್ದವನ್ನು ಕತ್ತರಿಸಿ ಗೇಣುದ್ದ ಮಾಡಿದೆ. ಹೊಗೆ ತಗ್ಗಿಸಲು ಇದ್ದವಕ್ಕೆ ಹೊಸ ರಬ್ಬರು ಹಾಕಿದೆವಷ್ಟೇ, ಒಂದನ್ನೂ ತೆಗೆಯಲಿಲ್ಲ. ಐದನೇ ದಿನ ನನ್ನ ಬೆರಳಿಗೆ ಒಂದು ಬಿರುಕು ಸಿಕ್ಕಿತು. ಚೋಕು ತೆರೆಯುವ ಪುಟ್ಟ ಡಬ್ಬಿಗೆ ಹೋಗುವ ಪೈಪಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ. ಅದರಿಂದಲೇ ಚೋಕು ಪೂರ್ತಿ ತೆರೆಯದೆ, ಗಾಳಿ ಸಾಲದ ಇಂಜಿನ್ ಪೆಟ್ರೋಲನ್ನು ಅರೆಬರೆ ಸುಟ್ಟು ಉಗುಳುತ್ತಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು. ಇಪ್ಪತ್ತೆರಡು ಇದ್ದದ್ದು ಹದಿನೆಂಟಾಯಿತು.

ತಪಾಸಣೆಯ ದಿನ ಅಲ್ಲಿನವರು ಸೈಲೆನ್ಸರಿಗೆ ಹೊಗೆ ಅಳೆಯುವ ಯಂತ್ರದ ಸರಳು ತೂರಿಸಿದರು. ಯಂತ್ರದ ಅಂಕಿ ಏರಿತು, ಮಿತಿ ದಾಟಿ ಅಲ್ಲೇ ಕೂತಿತು.

“ಫೇಲ್ ಅಂತ ಬರೀಲಾ?”

“ಒಂದೇ ನಿಮಿಷ ಸಾರ್, ಕೈ ಮುಗೀತೀನಿ.”

ಇಂಜಿನ್ ಓಡುತ್ತಿದ್ದ ಹಾಗೆಯೇ ಒಂದನೇ ನಂಬರಿನಿಂದ ಬೆರಳಾಡಿಸುತ್ತ ಬಂದೆ. ಏಳರ ಹತ್ತಿರ ಸುಯ್ ಎಂಬ ಸದ್ದಾಗಿ ಪೈಪಿನ ಬಾಯಿ ಬೆರಳನ್ನು ಒಳಕ್ಕೆಳೆಯಿತು. ಗೋಡೆಯಲ್ಲಿ ಕೂರುವ ಕಬ್ಬಿಣದ ಪೈಪಿನಂತೆ ಅದನ್ನು ಅಳತೆಗೆ ಸರಿಯಾಗಿ ಕತ್ತರಿಸಿದ್ದೆ. ಇಂಜಿನ್ ಅಲುಗುತ್ತದೆ ಎನ್ನುವುದೇ ತಲೆಗೆ ಹೋಗಿರಲಿಲ್ಲ, ಒಂದು ತುದಿ ಕಳಚಿಕೊಂಡಿತ್ತು. ಹೆಂಡತಿ ಬ್ಯಾಗಿನಿಂದ ತಾನು ಎತ್ತಿಟ್ಟಿದ್ದ, ಅದಕ್ಕಿಂತ ಬೆರಳುದ್ದ ಹೆಚ್ಚಿದ್ದ ತುಂಡೊಂದನ್ನು ತೆಗೆದುಕೊಟ್ಟಳು. ಹಾಕಿದೆ. ಅಂಕಿ ಇಳಿಯಿತು, ಇನ್ನೂ ಇಳಿಯಿತು, ಮಿತಿಯ ಅರ್ಧಕ್ಕೆ ಬಂದು ನಿಂತಿತು.

ಅವರು ಬಿಳಿ ಟೇಪುಗಳನ್ನೇ ನೋಡುತ್ತ, “ಯಾವ ಗ್ಯಾರೇಜಲ್ಲಿ ಮಾಡ್ಸಿದ್ರಿ?” ಎಂದು ಕೇಳಿದರು.

“ಗ್ಯಾರೇಜಲ್ಲ ಸಾರ್, ಇವಳ ವಾರ್ಡಲ್ಲಿ,” ಎಂದೆ.

ಅವತ್ತೇ ಮಧ್ಯಾಹ್ನ ಗೋಡೆಗೆ ನಾನೇ ಸುಣ್ಣ ಬಳಿದೆ. ಮಾರನೇ ಬೆಳಿಗ್ಗೆ ಅವಳು ಎಂದಿನಂತೆ ಕಾರನ್ನು ಅಲ್ಲೇ ಸ್ಟಾರ್ಟ್ ಮಾಡಿ, ಬಿಸಿಯಾಗುವವರೆಗೆ ಕೂತಿದ್ದು ಹೊರಟುಹೋದಳು. ಅವಳು ತಿರುವು ದಾಟಿದ ಮೇಲೆ ನಾನು ಗೋಡೆಯ ಹತ್ತಿರ ಹೋಗಿ ಹೆಬ್ಬೆರಳಿನಿಂದ ಉಜ್ಜಿ ನೋಡಿದೆ. ಬೆರಳಿಗೆ ಬರೀ ಸುಣ್ಣ ಅಂಟಿತ್ತು.